ಶಂಕರನಾರಾಯಣದಲ್ಲಿ ಒಂದು ಕುಚ್ಚಲಕ್ಕಿ ಊಟ

ದೇವರ ದರ್ಶನಕ್ಕೆ ಹೋದವಳು ಊಟದ ಸುದ್ದಿ ಬರೆಯುತ್ತಿದ್ದಾಳಲ್ಲ ಅಂತ ನಗಬೇಡಿ, ಸೋದರಿಯರೇ. ದರ್ಶನ ಚೆನ್ನಾಗಿಯೇ ಆಯಿತು. ಆದರೆ ಆ ಪ್ರಯಾಣದಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ತಟ್ಟೆ ಗಂಜಿ.

ನಮ್ಮದು ತರೀಕೆರೆ. ಅತ್ತೆಯವರ ತವರು ಹಾಲಾಡಿ ಕಡೆ. ಮಾವನವರು ತೀರಿಕೊಂಡ ಮೇಲೆ ಅತ್ತೆಗೆ ಊಟವೇ ಸೇರುತ್ತಿರಲಿಲ್ಲ. ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದರು. ಡಾಕ್ಟರು ಬರೆದುಕೊಟ್ಟ ಟಾನಿಕ್ಕು ಮುಗಿಯಿತೇ ಹೊರತು ಹಸಿವು ಹುಟ್ಟಲಿಲ್ಲ. ದಿನಕ್ಕೊಂದು ಬಗೆಯ ಸಾರು ಮಾಡಿ ನಾನೂ ಸೋತೆ. ಒಂದು ದಿನ ಅವರೇ, "ಶಂಕರನಾರಾಯಣಕ್ಕೆ ಒಮ್ಮೆ ಹೋಗಿ ಬರೋಣ್ವೇನೇ?" ಎಂದರು. 22 ವರ್ಷಗಳಲ್ಲಿ ಅವರು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಮಾಸ್ತಿಕಟ್ಟೆಯ ಮೇಲೆ ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಸಿದ್ದಾಪುರ, ಆಮೇಲೆ ಶಂಕರನಾರಾಯಣ. ತಿರುವುಗಳಲ್ಲಿ ತಲೆ ಸುತ್ತುವವರು ಒಂದು ನಿಂಬೆಹಣ್ಣು ಕೈಯಲ್ಲಿ ಇಟ್ಟುಕೊಂಡಿರಿ. ಕುಂದಾಪುರದಿಂದಾದರೆ ಹಾಲಾಡಿ ಮಾರ್ಗವಾಗಿ 30 ಕಿಲೋಮೀಟರಿನ ಆಸುಪಾಸು. ಉಡುಪಿ, ಕೊಲ್ಲೂರು, ಸುಬ್ರಹ್ಮಣ್ಯ, ಕುಂಭಾಶಿ, ಕೋಟೇಶ್ವರ, ಗೋಕರ್ಣಗಳ ಜೊತೆ ಇದೂ ಏಳು ಪರಶುರಾಮ ಕ್ಷೇತ್ರಗಳಲ್ಲಿ ಒಂದು. ಗರ್ಭಗುಡಿಯಲ್ಲಿ ನೆಲಮಟ್ಟಕ್ಕಿಂತ ಕೆಳಗೆ, ನೀರಿನೊಳಗೆ ಶಂಕರ ಮತ್ತು ನಾರಾಯಣರ ಎರಡು ಲಿಂಗಗಳು.

ದರ್ಶನ ಮುಗಿಸಿ ಹೊರಬಂದಾಗ ಮಧ್ಯಾಹ್ನ ಒಂದೂವರೆ. ಸ್ವಲ್ಪ ದೂರದಲ್ಲಿ ಹೆಂಚಿನ ಮಾಡಿನ ಪುಟ್ಟ ಹೋಟೆಲು. ನಾಲ್ಕೇ ಮೇಜು, ನಡೆಸುವವರು ಗಂಡ ಹೆಂಡತಿ ಇಬ್ಬರೇ. ಮಾಡಿನ ಜಂತಿಗೆ ಸೌತೆಕಾಯಿಗಳನ್ನು ಕಟ್ಟಿ ಇಳಿಬಿಟ್ಟಿದ್ದರು. ನಾವು ಕೋಸಂಬರಿಗೆ ಹಾಕುವ ಎಳೆಸೌತೆಯಲ್ಲ, ಹಳದಿ ಬಣ್ಣದ ದಪ್ಪ ಸೌತೆ. ಹೀಗೆ ಕಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ.

"ಕೊಚ್ಚಕ್ಕಿಯಾ, ಬೆಳ್ತಿಗೆಯಾ?" ಎಂದು ಆಕೆ ಕೇಳಿದಾಗ ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ಅತ್ತೆ ಥಟ್ಟನೆ, "ಕೊಚ್ಚಕ್ಕಿಯೇ ಹಾಕ್ ಮಗಾ, ತೆಳಿ ಸಮೇತ ಹಾಕ್" ಎಂದರು! ಕೊಚ್ಚಕ್ಕಿ ಅಂದರೆ ಕುಚ್ಚಲಕ್ಕಿ, ಬೆಳ್ತಿಗೆ ಅಂದರೆ ನಮ್ಮ ಬಿಳಿ ಅಕ್ಕಿ, ತೆಳಿ ಅಂದರೆ ಗಂಜಿಯ ತಿಳಿ. ಅತ್ತೆ ಆ ಊರಿನ ಮಾತಾಡಿದ್ದನ್ನು ನಾನು ಕೇಳಿದ್ದೇ ಅಂದು.

ಹೊಗೆಯಾಡುವ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಒಂದೆಲಗದ ತಂಬುಳಿ, ಅಲಸಂದೆ ಪಲ್ಯ, ತೆಂಗಿನೆಣ್ಣೆಯ ಒಗ್ಗರಣೆ ಘಮಘಮಿಸುವ ಸೌತೆಕಾಯಿ ಹುಳಿ. ಅತ್ತೆ ತಲೆಯೆತ್ತದೆ ಉಂಡರು. "ಇನ್ನೊಂಚೂರ್ ಹಾಕ್ತೆ, ಉಣ್ಣಿ ಅಮ್ಮ" ಎಂದಾಗ ಬೇಡವೆನ್ನಲಿಲ್ಲ.

"ಇದನ್ನ ಮನೇಲಿ ಯಾಕೆ ಕೇಳಲಿಲ್ಲ ಅತ್ತೆ?" ಅಂದೆ.

"ಮದುವೆಯಾದ ಹೊಸದರಲ್ಲಿ ಒಂದ್ಸಲ ಕೇಳಿದ್ದೆ. ಈ ದಪ್ಪಕ್ಕಿ ನಮ್ಮನೇಲಿ ಯಾರು ತಿಂತಾರೆ ಅಂದ್ರು. ಆಮೇಲೆ ಸುಮ್ಮನಾದೆ. ನೀನು ಬಂದ ಮೇಲೆ, ನಿನಗೆ ಎರಡೆರಡು ಅಡಿಗೆ ಯಾಕೆ ಅಂತ..."

ನನ್ನ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಕೈ ತೊಳೆಯುವ ನೆಪದಲ್ಲಿ ಅಡಿಗೆಮನೆಗೆ ಇಣುಕಿ ಆಕೆಯಿಂದ ಎಲ್ಲ ಕೇಳಿಕೊಂಡೆ. ನಿಮಗೂ ಹೇಳುತ್ತೇನೆ. ಒಂದು ಪಾವು ಕುಚ್ಚಲಕ್ಕಿಗೆ ಆರೇಳು ಪಾವು ನೀರು. ನೀರು ಕುದಿ ಬಂದ ಮೇಲೆ ತೊಳೆದ ಅಕ್ಕಿ ಹಾಕಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ. ಹಿಂದಿನ ರಾತ್ರಿ ನೆನೆಹಾಕಿದರೆ ಬೇಗ ಬೇಯುತ್ತದೆ. ಉಪ್ಪು ಉಣ್ಣುವಾಗ ಸಾಕು. ತಂಬುಳಿಗೆ ಜೀರಿಗೆ, ಕಾಳುಮೆಣಸು, ಒಂದು ಹಿಡಿ ಒಂದೆಲಗ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಮಜ್ಜಿಗೆ, ಉಪ್ಪು ಬೆರೆಸಿ ಒಗ್ಗರಣೆ ಕೊಡಿ. ಕುದಿಸಬಾರದು. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುವುದರಿಂದ ತೌಡಿನಲ್ಲಿರುವ ಬಿ ಜೀವಸತ್ವ ಸ್ವಲ್ಪ ಕಾಳಿನೊಳಕ್ಕೂ ಇಳಿಯುತ್ತದೆ. ಹಾಗಾಗಿ ದಪ್ಪಕ್ಕಿ ಎಂದು ಮೂಗು ಮುರಿಯಬೇಡಿ.

ಬರುವಾಗ ಸಿದ್ದಾಪುರದಲ್ಲಿ 10 ಕಿಲೋ ಕುಚ್ಚಲಕ್ಕಿ ಕಟ್ಟಿಸಿಕೊಂಡೆವು. ಈಗ ನಮ್ಮನೆಯಲ್ಲಿ ರಾತ್ರಿ ಒಲೆಯ ಮೇಲೆ ಎರಡು ಪಾತ್ರೆ. ಕೆಲಸ ಹೆಚ್ಚಾಗಲಿಲ್ಲವೇ ಅಂದರೆ, ಹೆಚ್ಚಾಗಿದೆ. ಅತ್ತೆ ಒಂದು ಬಟ್ಟಲು ಉಂಡು, ಇನ್ನರ್ಧಕ್ಕೆ ಕೈ ಚಾಚುತ್ತಾರೆ.

ನಿಮ್ಮ ಮನೆಯ ಹಿರಿಯರ ತವರು ಯಾವ ಸೀಮೆ? ಅಲ್ಲಿ ಅವರು ಏನು ಉಣ್ಣುತ್ತಿದ್ದರು? ಇವತ್ತೇ ಕೇಳಿ ನೋಡಿ. ನಾನು 22 ವರ್ಷ ತಡ ಮಾಡಿದೆ.