ಮೂಳೆ ವಾರ್ಡಿನಲ್ಲಿ ನಡುರಾತ್ರಿ

ರಾತ್ರಿ ಎರಡು ಗಂಟೆ. ಮೈಸೂರಿನ ಆಸ್ಪತ್ರೆಯೊಂದರ ಮೂಳೆ ವಾರ್ಡು. ಸೊಂಟದ ಮೂಳೆ ಮುರಿದು ಮೊನ್ನೆ ಆಪರೇಷನ್ ಆದ ಎಂಬತ್ತರ ಅಜ್ಜಿ ಡ್ರಿಪ್ಪಿನ ನಳಿಕೆ ಹಿಡಿದು ಎಳೆಯುತ್ತಿದ್ದಾರೆ.

"ಹಗ್ಗ ಬಿಚ್ಚೇ, ಕರು ಒದ್ದಾಡ್ತಿದೆ."

"ಅತ್ತೆ, ಹಗ್ಗ ಅಲ್ಲ ಇದು, ಔಷಧಿ ಹೋಗ್ತಿರೋದು."

"ನೀನ್ಯಾರೇ ಹೇಳೋಕೆ?"

ಸೊಸೆಯ ಕಣ್ಣು ತುಂಬುತ್ತದೆ. ಪಕ್ಕದ ಮಂಚದವರು, "ವಯಸ್ಸಾಯ್ತಲ್ಲಮ್ಮ, ಅರಳುಮರಳು" ಅನ್ನುತ್ತಾರೆ. ಖಂಡಿತ ಅಲ್ಲ. ಬೀಳುವ ದಿನದವರೆಗೂ ಈಕೆ ಹಾಲಿನ ಲೆಕ್ಕ ಬಾಯಲ್ಲೇ ಇಟ್ಟುಕೊಂಡಿದ್ದವರು. ಎರಡು ದಿನದಲ್ಲಿ ಹೀಗಾಗಿರುವುದು ಡೆಲಿರಿಯಂ. ಆಪರೇಷನ್ನಿನ ಪೆಟ್ಟಿಗೆ ಮೈಯಲ್ಲಿ ಎದ್ದ ಉರಿಯೂತ ಮಿದುಳಿಗೂ ತಟ್ಟುತ್ತದೆ. ನೋವು, ನಿದ್ದೆಗೇಡು, ಸೋಂಕು, ಕೆಲವು ಮಾತ್ರೆಗಳು ಅದಕ್ಕೆ ಜೊತೆಯಾಗುತ್ತವೆ.

ಡ್ಯೂಟಿ ಡಾಕ್ಟರ್ ಬಂದು ಮಂಚದ ಅಂಚಿನಲ್ಲಿ ಕೂರುತ್ತಾರೆ. "ಅಜ್ಜಿ, ವಾರಗಳ ಹೆಸರು ಹಿಂದಿನಿಂದ ಹೇಳಿ ನೋಡೋಣ."

"ಶನಿವಾರ, ಶುಕ್ರವಾರ... ಶನಿವಾರ ಸಂತೆ."

ಗಮನ ನಿಲ್ಲುತ್ತಿಲ್ಲ. ಡೆಲಿರಿಯಂನ ಮುಖ್ಯ ಗುರುತೇ ಅದು.

"ಒಂದು ನಿದ್ದೆ ಮಾತ್ರೆ ಕೊಟ್ಟುಬಿಡಿ ಮೇಡಂ."

"ಬೇಡಮ್ಮ, ಗೊಂದಲ ಇನ್ನೂ ಹೆಚ್ಚಾಗಬಹುದು. ಕನ್ನಡಕ ಎಲ್ಲಿ? ಕಿವಿ ಮೆಷಿನ್?"

ಎರಡೂ ಆಪರೇಷನ್ ದಿನ ತೆಗೆದಿಟ್ಟ ಚೀಲದಲ್ಲೇ ಇವೆ! ಎಷ್ಟು ಸಣ್ಣ ಸಂಗತಿ, ಎಷ್ಟು ಸುಲಭವಾಗಿ ಮರೆತುಹೋಗುತ್ತದೆ. ಆಸ್ಪತ್ರೆ ಸೇರಿದ 70 ದಾಟಿದವರಿಗೆ ಕನ್ನಡಕ, ಶ್ರವಣಯಂತ್ರ, ಸಾಕಷ್ಟು ನೀರು, ಓಡಾಟ, ರಾತ್ರಿ ನಿದ್ದೆ, ಹತ್ತಿರ ಕೂತು ಮಾತು ಇವಿಷ್ಟನ್ನು ನಿಷ್ಠೆಯಿಂದ ಒದಗಿಸಿದಾಗ ಡೆಲಿರಿಯಂ ನೂರಕ್ಕೆ 15ರಿಂದ ಸುಮಾರು 10ಕ್ಕೆ ಇಳಿಯಿತೆಂದು ಅಮೆರಿಕದ ವೈದ್ಯೆ ಶಾರನ್ ಇನೌಯೆ 1999ರಲ್ಲಿ ತೋರಿಸಿದರು.

ಕನ್ನಡಕ ಹಾಕಿದ ಅಜ್ಜಿ ಸೊಸೆಯನ್ನು ದಿಟ್ಟಿಸುತ್ತಾರೆ. ಎಳೆದಾಟ ಸ್ವಲ್ಪ ತಗ್ಗುತ್ತದೆ.

"ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ರೆ ಹೀಗಾಗ್ತಿರಲಿಲ್ವಾ?"

ಎಲ್ಲರೂ ಕೇಳುವ ಪ್ರಶ್ನೆ. ಸೊಂಟ ಮುರಿದವರ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದು 2021ರಲ್ಲಿ ಹೊರಬಂದ ದೊಡ್ಡ ಅಧ್ಯಯನದಲ್ಲಿ ಬೆನ್ನಿಗೆ ಕೊಡುವುದು, ಪೂರ್ತಿ ಪ್ರಜ್ಞೆ ತಪ್ಪಿಸುವುದು, ಈ ಎರಡೂ ಬಗೆಯ ಅರಿವಳಿಕೆಯಲ್ಲಿ ಡೆಲಿರಿಯಂ ಹೆಚ್ಚುಕಡಿಮೆ ಒಂದೇ ಸಮ ಕಂಡಿತು.

"ಮೊದಲಿನ ಹಾಗೆ ಆಗ್ತಾರಾ?"

ಡಾಕ್ಟರ್ ಸುಳ್ಳು ಭರವಸೆ ಕೊಡುವುದಿಲ್ಲ, ಅದೇ ಸರಿ. ಬಹುತೇಕರು ಚೇತರಿಸಿಕೊಳ್ಳುತ್ತಾರೆ, ಕೆಲವರಲ್ಲಿ ನೆನಪು ಕುಂದಿಯೇ ಉಳಿಯುತ್ತದೆ. ದೊಡ್ಡ ಆಪರೇಷನ್ ಆದ 60 ದಾಟಿದವರನ್ನು ಪರೀಕ್ಷಿಸಿದ 1998ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ವಾರದ ಹೊತ್ತಿಗೆ ನಾಲ್ವರಲ್ಲಿ ಒಬ್ಬರ ನೆನಪು, ಗಮನ ಕುಗ್ಗಿತ್ತು. ಮೂರು ತಿಂಗಳಿಗೆ ಹತ್ತರಲ್ಲಿ ಒಬ್ಬರದು.

ನನ್ನ ಕಣ್ಣು ಮೂಲೆಯ ಮಂಚದತ್ತ ಹೋಗುತ್ತದೆ. ಅಲ್ಲಿನ ತಾತ ಕೂಗಿಲ್ಲ, ನಳಿಕೆ ಎಳೆದಿಲ್ಲ. ಹಗಲೆಲ್ಲ ಸುಮ್ಮನೆ ಮಲಗಿದ್ದಾರೆ. ಎಷ್ಟು ಸಾಧು ಎಂದು ಎಲ್ಲರೂ ಮೆಚ್ಚಿದ್ದಾರೆ. ಹೀಗೆ ಮಂಕಾಗಿ ಬರುವ ಡೆಲಿರಿಯಂ ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ, ಹಾಗಾಗಿ ಅದರ ಭಯವೇ ಹೆಚ್ಚು. ಡಾಕ್ಟರ್ ಅಲ್ಲಿಗೂ ಹೋಗಿ, ನೆಲದ ಮೇಲೆ ಮಲಗಿದ್ದ ಮಗನನ್ನು ಎಬ್ಬಿಸುತ್ತಾರೆ.

"ನಿಮ್ಮ ತಂದೆ ಯಾವಾಗಲೂ ಇಷ್ಟು ಮೌನವಾ?"

"ಇಲ್ಲ ಮೇಡಂ, ಆಪರೇಷನ್‌ಗೆ ಮುಂಚೆ ಪೇಪರ್ ಓದಿ ಊರಿಗೆಲ್ಲ ಸುದ್ದಿ ಹೇಳೋರು."

ಡಾಕ್ಟರ್ ತಾತನ ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕಿ, ರಕ್ತ, ಮೂತ್ರದ ಪರೀಕ್ಷೆ ಬರೆಯುತ್ತಾರೆ.