ಹನ್ನೊಂದು ಮಕ್ಕಳ ಬ್ರೌಸರ್

ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ ಎಂದರೆ ನಮ್ಮ ಆಫೀಸಿನ ಕನ್ನಡಿಗರೇ ನಂಬುವುದಿಲ್ಲ. ಉಪನಗರದ ಒಂದು ಕನ್ನಡ ಶಾಲೆಯ ಕಂಪ್ಯೂಟರುಗಳನ್ನು ಸಜ್ಜುಗೊಳಿಸಲು ಹೋಗಿದ್ದೆ. ಅಲ್ಲಿನ ಹಳೆಯ ಆನಿಮೇಶನ್ ಪಾಠಗಳೆಲ್ಲ ಫ್ಲ್ಯಾಶ್‌ನವು. 2021ರ ಜನವರಿ 12ರಿಂದ ಅಡೋಬಿಯೇ ಅದನ್ನು ತಡೆದಿದೆ. ವಿಂಡೋಸ್ 7ರಲ್ಲಿ ಕ್ರೋಮ್ 109ಕ್ಕೇ ನಿಂತಿತ್ತು. ಉಬುಂಟು ಹಾಕಿದೆ, ಹೊಸ ಬ್ರೌಸರ್ ಬಂತು. ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಬರೀ ಚೌಕ, ಅದನ್ನೂ ಸರಿಪಡಿಸಿದೆ. ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ ವಿಜ್ಞಾನ ಮಾದರಿಗಳು ಎಚ್‌ಟಿಎಂಎಲ್5ನಲ್ಲಿವೆ, ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ತೆರೆದುಕೊಳ್ಳುತ್ತವೆ.

ಬಳಕೆದಾರರು ಕಡಿಮೆಯಾದರೆ ಸಪೋರ್ಟ್ ನಿಲ್ಲಿಸುವುದು ನಮ್ಮ ಕಸುಬಿನ ಲೆಕ್ಕ. ಆ ತರಗತಿಯಲ್ಲಿದ್ದವರು 11 ಮಕ್ಕಳು. ಕನ್ನಡವೂ ಹೀಗೇ ‘ಸಪೋರ್ಟ್ ಇಲ್ಲ’ ಎನಿಸಿಕೊಳ್ಳಬಾರದಲ್ಲ? ಮುಂದಿನ ತಿಂಗಳ ಅಪ್‌ಡೇಟಿಗೆ ಮತ್ತೆ ಹೋಗಬೇಕು. ಬಿಡುವಿದ್ದರೆ ನೀವೂ ಬನ್ನಿ.