ಹೋಳೂರಿನಿಂದ ಮತ್ತೋಡಿಗೆ

ಹೋಳೂರಿನ ನಮ್ಮತ್ತೆ ಮನೆಯ ಷೋಕೇಸಿನಲ್ಲಿ ಮುರಾನೊ ಗಾಜಿನ ಲೋಟವೊಂದಿದೆ. ಇಟಲಿಗೆ ಹೋಗಿದ್ದ ಮಗ ತಂದುಕೊಟ್ಟದ್ದು. ಅದರಲ್ಲಿ ಈವರೆಗೆ ಯಾರೂ ನೀರು ಕುಡಿದಿಲ್ಲ. ಬೋರಲು ಹಾಕಿದರೆ ತಳದ ನಡುವೆ ಒರಟು ಕಲೆ ಬೆರಳಿಗೆ ತಾಕುತ್ತದೆ. ಊದಿದ ಗಾಜಿನ ತಳಕ್ಕೆ ಕಬ್ಬಿಣದ ಸರಳು ಅಂಟಿಸಿ ಬಾಯಿ ತಿದ್ದುತ್ತಾರೆ. ಕೊನೆಗೆ ಸರಳನ್ನು ತಟ್ಟಿ ಬಿಡಿಸಿದಾಗ ಉಳಿಯುವ ಗುರುತು ಅದು. ಸಂಗ್ರಹಕಾರರು ಮೊದಲು ನೋಡುವುದು ಈ ತಳವನ್ನೇ.

ವೆನಿಸ್ ಪಕ್ಕದ ಮುರಾನೊ ದ್ವೀಪದವರೆಗೆ ಹೋಗಲು ನನ್ನ ಹತ್ತಿರ ದುಡ್ಡಿರಲಿಲ್ಲ. ಹಿಂದೆ ಗಾಜಿನ ಬಳೆ ಮಾಡುತ್ತಿದ್ದ, ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಹೋಗಲು ಇತ್ತು. ಹೋಳೂರಿನಂತೆ ಅದೂ ಒಂದು ಹೋಬಳಿ ಊರು. ಕೋಲಾರ, ಬೆಂಗಳೂರು, ತುಮಕೂರು, ಸಿರಾ, ಹಿರಿಯೂರು. ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು ಅಷ್ಟೆ.

ಬಸ್ಸಿನಲ್ಲಿ ಕೂತು ಯೋಚಿಸಿದ್ದೆಲ್ಲ ಮುರಾನೊ ಬಗ್ಗೆಯೇ. ಊರಿಗೆ ಬೆಂಕಿ ಬಿದ್ದೀತೆಂದು ವೆನಿಸ್ ಸರ್ಕಾರ 1291ರಲ್ಲಿ ಗಾಜಿನ ಕುಲುಮೆಗಳನ್ನು ಆ ದ್ವೀಪಕ್ಕೆ ಸಾಗಹಾಕಿತು. ಕಸುಬಿನ ಗುಟ್ಟು ಹೊರಗೆ ಹೋಗದಂತೆ ಕುಶಲಕರ್ಮಿಗಳು ದೇಶ ಬಿಡುವುದಕ್ಕೂ ತಡೆ ಹಾಕಿತು. 1450ರ ಸುಮಾರಿಗೆ ಆಂಜೆಲೊ ಬರೋವಿಯರ್ ನೀರಿನಂಥ ತಿಳಿಗಾಜು ಮಾಡಿದ. ಟಿಚೀನೊ ನದಿಯ ಬಿಳಿ ಬೆಣಚುಕಲ್ಲಿನ ಪುಡಿ, ಸಿರಿಯಾ ಕಡೆಯಿಂದ ಬಂದ ಗಿಡದ ಬೂದಿ. ಬೂದಿಯನ್ನು ಕುದಿಸಿ, ಸೋಸಿ, ಅದರಿಂದ ಬಂದ ಉಪ್ಪನ್ನು ಬಳಸುತ್ತಿದ್ದರು. ಕಬ್ಬಿಣದ ಅಂಶದಿಂದ ಉಳಿದ ಹಸಿರು ಛಾಯೆಯನ್ನು ಮ್ಯಾಂಗನೀಸ್ ತೆಗೆಯುತ್ತಿತ್ತು. ಇಂಗ್ಲೆಂಡಿನ ಸೀಸದ ಕ್ರಿಸ್ಟಲ್ ಬಂದದ್ದು ಅದಾದ ಎರಡು ಶತಮಾನಗಳ ಮೇಲೆ. ಅಂದಹಾಗೆ, ಚೂರು ಚಿನ್ನ ಬೆರೆಸಿದರೆ ಗಾಜಿಗೆ ಮಾಣಿಕ್ಯದ ಕೆಂಪು ಬರುತ್ತದೆ. ಕೆಜಿಎಫ್ ಚಿನ್ನದ ಗಣಿ ಇದ್ದ ಕೋಲಾರ ಜಿಲ್ಲೆಯವರು ನಾವು, ಗಾಜಿಗೆ ಬೆರೆಸುವ ಯೋಚನೆ ಮಾತ್ರ ನಮಗೆ ಬರಲಿಲ್ಲ.

ಮತ್ತೋಡಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಬಳೆ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ, ಹೀಗೆ ಐದು ಬಣ್ಣದ ಒರಟು ಗಾಜು. ಹೆಚ್ಚು ಖರ್ಚಾಗುತ್ತಿದ್ದುದು ಕಪ್ಪು. ಇಲ್ಲಿಯೂ ಬೆಣಚುಕಲ್ಲೇ, ಬೂದಿಯ ಬದಲು ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳು ಮಣ್ಣಿನ ಕ್ಷಾರ. ಊದುವ ಕೆಲಸವಿಲ್ಲ. ಕರಗಿದ ಗಾಜಿನ ಮುದ್ದೆಯನ್ನು ಸರಳಿನ ತುದಿಗೆ ಎತ್ತಿ, ತೂತು ಮಾಡಿ, ಮೊನಚಾದ ಅಚ್ಚಿಗೆ ಸಿಕ್ಕಿಸಿ ತಿರುಗಿಸುತ್ತ ಕೈಗೆ ಹಿಡಿಸುವಷ್ಟು ಅಗಲ ಮಾಡುತ್ತಿದ್ದರು.

ಈಗ ಇಲ್ಲಿ ಕುಲುಮೆ ಉರಿಯುವುದಿಲ್ಲ. ಜಗಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರನ್ನು ವಿಚಾರಿಸಿದೆ. "ಬಳೆ ಮಾಡ್ತಿದ್ರಂತೆ ಕಣಪ್ಪಾ, ನಾನು ನೋಡಿದ್ದಲ್ಲ" ಎಂದು ಒಳಗೆ ಹೋಗಿ, ಹಿತ್ತಲು ಅಗೆಯುವಾಗ ಸಿಕ್ಕಿದ ಕಿಟ್ಟದ ತುಂಡು ತಂದು ಕೈಗಿತ್ತರು. ಲಿಂಬೆಹಣ್ಣಿನಷ್ಟು ಗಾತ್ರ, ಕಪ್ಪಗೆ, ಮೈತುಂಬ ಗುಳ್ಳೆ. ಮುರಿದ ಅಂಚನ್ನು ಬಿಸಿಲಿಗೆ ಹಿಡಿದೆ. ತೆಳುವಾದಲ್ಲಿ ಅದು ಕಪ್ಪಲ್ಲ, ಗಾಢ ಹಸಿರು. ಬರೋವಿಯರ್ ಅಷ್ಟು ಕಷ್ಟಪಟ್ಟು ತೆಗೆಯಲು ಹೊರಟಿದ್ದು ಇದೇ ಕಬ್ಬಿಣದ ಬಣ್ಣವನ್ನು. "ಬೇಕಾದ್ರೆ ತಗಂಡೋಗು" ಎಂದರು ಅಜ್ಜಿ. ಬೇಡವೆಂದು ವಾಪಸು ಕೊಟ್ಟೆ. ಊರಿನದು ಊರಲ್ಲಿರುವುದೇ ವಾಸಿ.

ಮುರಾನೊದಲ್ಲಿ 1861ರಿಂದ ಗಾಜಿನ ಮ್ಯೂಸಿಯಮ್ಮಿದೆ, ಅದನ್ನು ಕಟ್ಟಿದವರು ಅಲ್ಲಿಯ ಒಬ್ಬ ಪಾದ್ರಿ, ವಿಂಚೆಂಜೊ ಜನೆಟ್ಟಿ. ಮತ್ತೋಡಿನ ಬಳೆ ತೊಟ್ಟವರ ಕೈಯಲ್ಲೇ ಒಡೆದುಹೋಯಿತು. ಬಳಸಿದ್ದಕ್ಕಿಂತ ಬಳಸದೆ ಎತ್ತಿಟ್ಟದ್ದಕ್ಕೇ ಬೆಲೆ ಕಟ್ಟುವ ಸಂಗ್ರಹಕಾರರ ಲೆಕ್ಕ ನನಗೇನೋ ಒಪ್ಪಿಗೆಯಿಲ್ಲ.

ವಾಪಸು ಬರುವಾಗ ಹೊಸದುರ್ಗದ ಅಂಗಡಿಯೊಂದರಲ್ಲಿ ಕಪ್ಪು ಗಾಜಿನ ಬಳೆ ಕೇಳಿದೆ. "ಮಗೂಗಾ ಸಾರ್, ದೃಷ್ಟಿಗೆ?" ಎಂದ ಅಂಗಡಿಯವ. ಅಲ್ಲ, ಇವು ಎಲ್ಲಿಯವು ಎಂದೆ. ಡಬ್ಬ ಮುಚ್ಚುತ್ತ ಹೇಳಿದ: "ಫಿರೋಜಾಬಾದ್ ಮಾಲು. ಇನ್ನೆಲ್ಲಿಂದ ಬರ್ತವೆ?"